ಪಂಕಜಾ ನಕಲು ಮಾಡಿದ ಅರ್ಜಿ

ಜಯನಗರ ಏಳನೇ ಬ್ಲಾಕಿನ ಆ ಮನೆಯಲ್ಲಿ ಇದ್ದವರು ಅಣ್ಣ ತಂಗಿ ಇಬ್ಬರೇ. ಅಣ್ಣ ಗೌರೀಶಂಕರ, ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು, ಮದುವೆಯ ಗೋಜಿಗೆ ಹೋಗದೆ ಪುಸ್ತಕಗಳ ಜೊತೆ ಸಂಸಾರ ಹೂಡಿದವರು. ತಂಗಿ ಪಂಕಜಾ ಕತ್ರಿಗುಪ್ಪೆಯ ಶಾಲೆಯೊಂದರಲ್ಲಿ ಹೊಲಿಗೆ ಟೀಚರು. ಸಂಜೆ ಅಡುಗೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಅಣ್ಣ ಹೇಳುತ್ತಾ ಹೋದದ್ದನ್ನು ಬರೆದುಕೊಳ್ಳಲು ಕೂರುತ್ತಿದ್ದಳು. ಅಣ್ಣನ ಅಕ್ಷರ ಮಾರನೇ ದಿನ ಅವರಿಗೇ ಓದಲು ಬರುತ್ತಿರಲಿಲ್ಲ. ತಂಗಿಯದು ದುಂಡಗಿನ, ನಿಧಾನದ ಅಕ್ಷರ.

ಬರೆಸುತ್ತಿದ್ದದ್ದು ಝಾರ್ ಚಕ್ರವರ್ತಿಗಳ ಕಾಲದ ರಷ್ಯದಲ್ಲಿ ಮುಸ್ಲಿಮರು ಹೇಗೆ ಬಾಳಿದರು ಎಂಬ ದೊಡ್ಡ ಪುಸ್ತಕ. ಅದಕ್ಕಾಗಿ ಗೌರೀಶಂಕರ ನಲವತ್ತು ದಾಟಿದ ಮೇಲೆ ಸಂಜೆ ತರಗತಿಗೆ ಹೋಗಿ ರಷ್ಯನ್ ಕಲಿತಿದ್ದರು. ಹತ್ತಿರದಲ್ಲೇ ಇದ್ದ ಸುದ್ದಗುಂಟೆಪಾಳ್ಯದ ಸಾಬರ ಒಂದು ಮನೆಯ ಹೊಸಿಲನ್ನೂ ತುಳಿದವರಲ್ಲ. ವೋಲ್ಗಾ ನದಿಯ ದಂಡೆಯ ತತಾರ ಮುಸ್ಲಿಮರ ಹಳ್ಳಿಗಳ ಮಸೀದಿಗೆ ಎಷ್ಟು ಕಿಟಕಿ ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದರು. ಅಲ್ಲಿ ಮುಲ್ಲಾ ಆಗಬೇಕಾದರೂ ಸರ್ಕಾರದ ಅಪ್ಪಣೆ ಬೇಕಂತೆ. ಊರಲ್ಲಿ ಹುಟ್ಟಿದವರನ್ನೂ ಸತ್ತವರನ್ನೂ ಮದುವೆಯಾದವರನ್ನೂ ಅವನೇ ಪುಸ್ತಕದಲ್ಲಿ ಬರೆದಿಡಬೇಕಂತೆ. ಪರಧರ್ಮದ ದೊರೆಯ ಆಯುಸ್ಸಿಗಾಗಿ ಮಸೀದಿಯಲ್ಲಿ ಪ್ರಾರ್ಥನೆಯನ್ನೂ ಮಾಡಬೇಕಂತೆ. ಬಿಡಿಸಲಾಗದ ತಕರಾರು ಬಂದರೆ ದೂರದ ಊಫಾ ಪಟ್ಟಣದಲ್ಲಿ ಕೂತ, ಧರ್ಮಶಾಸ್ತ್ರ ಬಲ್ಲ ಮುಫ್ತಿಗಳ ಸಭೆಗೆ ಅರ್ಜಿ ಹಾಕಬೇಕಂತೆ.

ಇದೆಲ್ಲ ಪಂಕಜಾಳ ಕಿವಿಗೆ ಬಿದ್ದು ಸುಮ್ಮನೆ ಕಾಗದಕ್ಕೆ ಇಳಿಯುತ್ತಿತ್ತು, ಪುಸ್ತಕದೊಳಗೆ ಗುಲ್ಸುಮ್ ಬರುವ ತನಕ.

ಗುಲ್ಸುಮಳ ಗಂಡನನ್ನು ಝಾರನ ಸೈನ್ಯದವರು ತುರ್ಕಿಯ ಮೇಲಿನ ಯುದ್ಧಕ್ಕೆ ಹಿಡಿದುಕೊಂಡು ಹೋಗಿದ್ದರು. ಸತ್ತ ಸುದ್ದಿಯಿಲ್ಲ, ಬದುಕಿದ ಸುದ್ದಿಯೂ ಇಲ್ಲ. ಇನ್ನೊಂದು ಮದುವೆಗೆ ಅಪ್ಪಣೆ ಕೊಡಿ ಎಂದು ಅವಳು ಕೇಳಿದಳು. ಓದು ಬರದ ಹೆಂಗಸು. ಅರ್ಜಿ ಬರೆದುಕೊಟ್ಟವನು ಊರ ಮುಲ್ಲಾ. ಊಫಾದವರು ಕಾಯಿರಿ ಎಂದರು. ಮುಲ್ಲಾ ಮತ್ತೆ ಬರೆದ.

ಪಂಕಜಾಳ ಗಂಡ ರಾಮಪ್ರಸಾದ ಅರವತ್ತನಾಲ್ಕರಲ್ಲಿ ಇಂಟರ್‌ವ್ಯೂ ಅಂತ ಮದ್ರಾಸಿಗೆ ರೈಲು ಹತ್ತಿದವನು ವಾಪಸು ಬರಲಿಲ್ಲ. ಆಗ ಅವಳಿಗೆ ಇಪ್ಪತ್ತನಾಲ್ಕು. ದಿನಾ ಕುಂಕುಮ ಇಟ್ಟಳು, ತಾಳಿ ಕಣ್ಣಿಗೊತ್ತಿಕೊಂಡಳು. ಮೊದಲೆರಡು ವರ್ಷ ಗೌರಿ ಹಬ್ಬಕ್ಕೆ ಎದುರುಮನೆಯ ಸೀತಮ್ಮನವರು ಮೊರದ ಬಾಗಿನ ಕೊಟ್ಟರು. ಆಮೇಲೆ ಬಾಗಿನದ ಹೊತ್ತಿಗೆ ಇವಳನ್ನು ಕಂಡರೆ ಅವರಿಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು. ಅವರನ್ನು ಬೈದು ಪ್ರಯೋಜನವಿಲ್ಲ. ಮುತ್ತೈದೆಯೋ ಅಲ್ಲವೋ ಎಂಬುದು ಪಂಕಜಾಳಿಗೇ ಗೊತ್ತಿರಲಿಲ್ಲ.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಅವಳ ಶಾಲೆಯ ಲೆಕ್ಕದ ಮೇಷ್ಟ್ರು ಸೀನು ಮನೆಗೆ ಬಂದರು. ಹೆಂಡತಿ ತೀರಿಹೋಗಿ ಐದು ವರ್ಷವಾಗಿತ್ತು, ಮಕ್ಕಳಿಲ್ಲ. ಸುತ್ತಿಬಳಸಿ ಮಾತಾಡಲು ಬಾರದ ಮನುಷ್ಯ.

“ಸಾರ್, ಕೋರ್ಟಲ್ಲಿ ಕೇಳಿದ್ರೆ ಹಳೇ ಮದುವೆಯಿಂದ ಬಿಡುಗಡೆ ಸಿಗುತ್ತಂತೆ. ನೀವು ಒಪ್ಪಿದ್ರೆ ಪಂಕಜಾ ಅವರನ್ನ ಮದುವೆ ಆಗ್ತೀನಿ. ಅವರೂ ನಿಮ್ಮನ್ನೇ ಕೇಳಿ ಅಂದ್ರು,” ಎಂದರು.

ಗೌರೀಶಂಕರ ಕೋಪಿಸಿಕೊಳ್ಳಲಿಲ್ಲ. “ಅವನು ಎಲ್ಲೋ ಬದುಕಿರಬಹುದು ಸೀನು. ನಾಳೆ ಬಂದು ನಿಂತ್ರೆ ಏನ್ ಹೇಳ್ಲಿ?” ಎಂದರು.

ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಪಂಕಜಾ ಕೇಳಿಸಿಕೊಂಡಳು. ಹೊರಗೆ ಬಂದು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅಣ್ಣನ ಎದುರು ತನ್ನ ಮದುವೆಯ ಮಾತು ತಾನೇ ಎತ್ತುವುದು ಆ ಮನೆಯ ಹೆಣ್ಣುಮಕ್ಕಳಿಗೆ ಗೊತ್ತೇ ಇರಲಿಲ್ಲ. ಅವಳು ಬೇರೊಂದು ಲೆಕ್ಕ ಹಾಕಿದಳು: ಗುಲ್ಸುಮಳ ಅಧ್ಯಾಯ ಮುಗಿಯಲಿ, ಅಣ್ಣನಿಗೆ ತಾನಾಗಿ ಅರ್ಥವಾಗುತ್ತದೆ. ಅಷ್ಟು ಓದಿದವರಿಗೆ ಅರ್ಥವಾಗದೆ ಇರುತ್ತದೆಯೇ? ಬರೆದ ಹಾಳೆಗಳನ್ನು ಎರಡೆರಡು ಸಲ ನಕಲು ಮಾಡಿ ಅವರ ಮೇಜಿನ ಮೇಲೆ ಇಟ್ಟಳು. ಅವರು ಓದಿ, ಎರಡು ಕಡೆ ಅಲ್ಪವಿರಾಮ ಹಾಕಿ, “ಸೊಗಸಾಗಿ ಬರ್ದಿದೀಯ,” ಎಂದು ಹಿಂದಕ್ಕೆ ಕೊಟ್ಟರು.

ಸೀನು ಮೇಷ್ಟ್ರು ಕಾದರು. ಶಾಲೆಯಲ್ಲಿ ಎದುರಾದಾಗ ಕೇಳುತ್ತಿದ್ದದ್ದು ಒಂದೇ, “ಅಧ್ಯಾಯ ಎಲ್ಲಿಗೆ ಬಂತು?”

ಎಪ್ಪತ್ತಾರರಲ್ಲಿ ರಾಮಪ್ರಸಾದನ ಅಣ್ಣ ಕೋಲಾರದಿಂದ ಬಂದರು. ಕಾಣೆಯಾಗಿ ಹನ್ನೆರಡು ವರ್ಷ ತುಂಬಿದೆ, ಇನ್ನು ಸತ್ತನೆಂದೇ ಲೆಕ್ಕ, ಶಾಸ್ತ್ರದಂತೆ ಪ್ರತಿಕೃತಿ ಮಾಡಿ ಸುಟ್ಟು ಕರ್ಮ ಮುಗಿಸಬೇಕು ಎಂದರು. ಗೌರೀಶಂಕರ ತಕ್ಷಣ ಒಪ್ಪಿದರು. ಮುನ್ನೂರ ಅರವತ್ತು ಮುತ್ತುಗದ ಕಡ್ಡಿಗಳನ್ನು ಜೋಡಿಸಿ ಒಬ್ಬ ಮನುಷ್ಯನನ್ನು ಮಾಡಿದರು. ತಲೆಯ ಜಾಗಕ್ಕೆ ತೆಂಗಿನಕಾಯಿ. ಪಂಕಜಾ ನೋಡಿದಳು. ಇದಕ್ಕಿಂತ ಅವನು ಎತ್ತರವಿದ್ದ ಎನ್ನಿಸಿತು. ಅವಳಿಗೆ ಅಳು ಬಂತು, ಅವನಿಗಾಗಿಯೇ ಬಂತು; ಇಪ್ಪತ್ತನಾಲ್ಕರ ಹುಡುಗಿಯಾಗಿ ಅವನನ್ನು ಅವಳು ಪ್ರೀತಿಸಿದ್ದಳು.

ಹತ್ತನೇ ದಿನ ಕುಂಕುಮ ಅಳಿಸಿದರು, ಬಳೆ ಒಡೆದರು, ತಾಳಿ ತೆಗೆದರು. ತಲೆ ತಗ್ಗಿಸಿ ಕೂತಿದ್ದ ಪಂಕಜಾಳ ಮನಸ್ಸಿನಲ್ಲಿ ಆ ಹೊತ್ತಿಗೆ ಒಂದು ಆಸೆ ಮೂಡಿತು. ಅದಕ್ಕೆ ಅವಳಿಗೇ ನಾಚಿಕೆಯಾಯಿತು. ಇನ್ನು ಅಣ್ಣ ಅವನು ಬದುಕಿರಬಹುದು ಎನ್ನುವಂತಿಲ್ಲವಲ್ಲ.

ಮೂರು ತಿಂಗಳು ಬಿಟ್ಟು ಸೀನು ಮೇಷ್ಟ್ರು ಮತ್ತೆ ಬಂದರು. ಈ ಸಲ ಪಂಕಜಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳ ಪಾಲಿಗೆ ಅದೇ ಒಂದು ಭಾಷಣ.

ಗೌರೀಶಂಕರ ಅವಳ ಕಡೆ ನೋಡಿದರು, ಬೋಳು ಹಣೆ ನೋಡಿದರು, ಅವರ ಕಣ್ಣು ತುಂಬಿತು. “ಈಗ ಹೇಗಪ್ಪಾ ಸೀನು? ಈಗ ಅವಳು ವಿಧವೆ. ಅಂಥ ಮದುವೆ ನಮ್ಮ ಮನೆತನದಲ್ಲಿ ಇಲ್ಲ,” ಎಂದರು.

ಕೆಟ್ಟ ಮನುಷ್ಯರಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ತಂಗಿಗೆ ಜ್ವರ ಬಂದರೆ ರಾತ್ರಿಯಿಡೀ ಒದ್ದೆ ಬಟ್ಟೆ ಹಾಕುತ್ತಿದ್ದ ಅಣ್ಣ ಅವರು. ಅವಳಿಲ್ಲದೆ ಅವರಿಗೆ ಅನ್ನವೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ ಎಂಬುದು ಅವರ ತಲೆಗೆ ಹೊಳೆದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಹೊಳೆದಿದ್ದರೆ ಅವರನ್ನು ಕ್ಷಮಿಸುವುದು ಕಷ್ಟ. ಸೀನು ಮೇಷ್ಟ್ರು ಕಾಫಿ ಕುಡಿದು, ಲೋಟ ಮೆಲ್ಲಗೆ ಕೆಳಗಿಟ್ಟು ಹೋದರು. ಆ ಜೂನ್‌ನಲ್ಲಿ ಶಿವಮೊಗ್ಗಕ್ಕೆ ವರ್ಗ ಮಾಡಿಸಿಕೊಂಡರು.

ಗುಲ್ಸುಮಳ ಅಧ್ಯಾಯ ಮುಗಿದದ್ದು ಅದಾದ ಮೇಲೆ, ಶ್ರಾವಣದ ಒಂದು ಸಂಜೆ. ಮುಲ್ಲಾ ಐದನೇ ಸಲ ಬರೆದ ಅರ್ಜಿಗೆ ಊಫಾದಿಂದ ಉತ್ತರ ಬಂದಿತ್ತು. ಅವಳು ಬಿಡುಗಡೆಯಾಗಿದ್ದಾಳೆ, ಇಷ್ಟಪಟ್ಟವನನ್ನು ಮದುವೆಯಾಗಬಹುದು. ಅದನ್ನು ಹೇಳುತ್ತಾ ಗೌರೀಶಂಕರ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು.

“ಪಾಪ, ಹತ್ತು ವರ್ಷ ಕಾದಳಲ್ಲ ಆ ಹೆಣ್ಣು. ಆ ಮುಲ್ಲಾ ದೊಡ್ಡ ಮನುಷ್ಯ ಕಣೇ,” ಎಂದರು.

ಪಂಕಜಾ ಸಾಲು ಪೂರ್ತಿ ಬರೆದಳು. ಆಮೇಲೆ ತಲೆ ಎತ್ತಿ ಕೇಳಿದಳು, “ಅಣ್ಣಾ, ಗುಲ್ಸುಮ್‌ಗೆ ಅಣ್ಣ ಇದ್ನಾ?”

ಗೌರೀಶಂಕರ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ರಷ್ಯನ್ ಪುಸ್ತಕದ ನಾಲ್ಕಾರು ಪುಟ ಹಿಂದೆ ಮುಂದೆ ತಿರುವಿದರು.

“ಇಲ್ಲಿ ಎಲ್ಲೂ ಹೇಳಿಲ್ಲ,” ಎಂದರು.

“ಇರ್ಲಿಲ್ಲ ಅನ್ಸುತ್ತೆ,” ಎಂದಳು ಪಂಕಜಾ. “ಮುಂದೆ ಹೇಳು, ಬರ್ಕೋತೀನಿ.”