ಅಣ್ಣನ ನಾಲ್ಕನೇ ಸಾಲು

ದೆವ್ವ, ಪಿಶಾಚಿ, ಸತ್ತವರು ಬಂದು ಹೋಗುವುದು, ಇಂಥದ್ದನ್ನೆಲ್ಲ ನಾನು ನಂಬಿದವನಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ದುಡಿದವನು. ದೀಪ ತಾನಾಗಿ ಹತ್ತಿದರೆ ವೈರು ನೋಡಬೇಕೇ ಹೊರತು ಮಂತ್ರವಾದಿಯನ್ನಲ್ಲ ಎನ್ನುತ್ತಿದ್ದೆ. ಸೂಪಾ ಹಿನ್ನೀರಿನಲ್ಲಿ ಮುಳುಗಿದ ಗುಡಿಯ ಗಂಟೆ ಕೇಳಿಸುತ್ತದೆ ಎಂದ ಗೆಳೆಯನಿಗೆ, ಮೊದಲು ಕಿವಿ ತೋರಿಸಿಕೊಂಡು ಬಾ ಎಂದಿದ್ದೆ. ಈಗ ನಾನೇ ಇದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ನನ್ನ ಅಣ್ಣ ಈರಣ್ಣನಿಗೆ ದ್ರಾಕ್ಷಿಯ ಹುಚ್ಚು. ನಾವು ಅಥಣಿ ಕಡೆಯವರು. ಅಪ್ಪ ಕಾರ್ಖಾನೆ ಕೆಲಸಕ್ಕೆಂದು ಬಂದು ದಾಂಡೇಲಿ ಪಕ್ಕದ ಅಂಬೇವಾಡಿಯಲ್ಲಿ ನೆಲೆಸಿದವನು. ಅಣ್ಣ ಹಳಿಯಾಳದ ಹತ್ತಿರ ಎರಡು ಎಕರೆ ಹೊಲ ಹಿಡಿದು ವೈನಿನ ದ್ರಾಕ್ಷಿ ಬೆಳೆಯುತ್ತೇನೆ ಎಂದಾಗ ಎಲ್ಲರೂ ನಕ್ಕರು. ಇಷ್ಟು ಮಳೆ ಬೀಳುವಲ್ಲಿ ಕಬ್ಬು, ಭತ್ತ ಬಿಟ್ಟು ದ್ರಾಕ್ಷಿಯೇ? ಅದೂ ಸೆರೆ ಮುಟ್ಟದ ನಮ್ಮ ಮನೆಯವನು! "ಬಾಟ್ಲಿಯೊಳಗ ಹೋದ್ರ ಸೆರಿ, ಬಳ್ಳಿಯೊಳಗಿದ್ರ ಹಣ್ಣು. ನಂದು ಬಳ್ಳಿ ತನಕ ಅಷ್ಟ," ಎನ್ನುತ್ತಿದ್ದ ಅಣ್ಣ.

ಕಲಿಯಲೆಂದು ಇಬ್ಬರೂ ನಾಸಿಕದ ಕಡೆ ಹೋದೆವು. ನಾಲ್ಕು ದಿನ ಗುಡ್ಡದ ಇಳಿಜಾರಿನ ತೋಟಗಳನ್ನು, ತಣ್ಣಗಿನ ನೆಲಮಾಳಿಗೆಯ ಪೀಪಾಯಿಗಳನ್ನು ನೋಡುತ್ತ ಊರೂರು ಅಲೆದೆವು. ಅಲ್ಲಿ ಪ್ರತಿ ಸಾಲಿನ ತಲೆಗೊಂದು ಗುಲಾಬಿ ಗಿಡ. ರೋಗ ಮೊದಲು ಅದರಲ್ಲಿ ಕಾಣಿಸುತ್ತದಂತೆ. ಅಣ್ಣ ಅದನ್ನು ನೋಡಿ ಮಗುವಿನಂತೆ ಹಿಗ್ಗಿದ. ಅವನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು, ಆದ್ದರಿಂದ ಎಲ್ಲವನ್ನೂ ಕೇಳಿಕೊಂಡು ಚಿತ್ರ ಬರೆದುಕೊಡುವುದು ನನ್ನ ಕೆಲಸವಾಗಿತ್ತು.

ಕೊನೆಯ ದಿನ ಚಾಟ್ನಿ ತೋರಿಸಿದರು. ಚಾಟ್ನಿ ಎಂದರೆ ಬಳ್ಳಿಯ ಹಳೆ ಕಡ್ಡಿ ಕತ್ತರಿಸುವುದು. ಕಡ್ಡಿಯಲ್ಲಿ ಚಿಗುರೊಡೆಯುವ ಜಾಗಕ್ಕೆ ಕಣ್ಣು ಎನ್ನುತ್ತಾರೆ. ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಬೇಕು, ಆದರೆ ಇಳಿಜಾರು ಕಣ್ಣಿನ ಬೆನ್ನ ಕಡೆಗಿರಬೇಕು. ಇಲ್ಲದಿದ್ದರೆ ಕತ್ತರಿಸಿದಲ್ಲಿ ಒಸರುವ ನೀರು ಕಣ್ಣಿನ ಮೇಲೇ ಹರಿದು ಅದು ಕೊಳೆಯುತ್ತದೆ. ಆಮೇಲೆ ರುಚಿ ನೋಡಲು ವೈನ್ ಕೊಟ್ಟರು. ಅಣ್ಣ ಮೂಸಿ ಇಟ್ಟ. ನಾನು ನನ್ನದನ್ನೂ ಅವನದನ್ನೂ ಕುಡಿದೆ, ಮತ್ತೆ ಕೇಳಿ ಕುಡಿದೆ. ಲಾಡ್ಜಿಗೆ ಬಂದು ಅದೇ ಅಮಲಿನಲ್ಲಿ ಚಿತ್ರ ಬರೆದೆ. ಇಳಿಜಾರನ್ನು ಕಣ್ಣಿನ ಕಡೆಗೇ ಬರೆದೆ.

"ಹಿಂಗ ಇತ್ತೇನೋ ತಮ್ಮಾ? ನಂಗ ಉಲ್ಟಾ ನೆನಪೈತಿ," ಎಂದ ಅಣ್ಣ.

"ನಾ ಬರಕೊಂಡು ಬಂದೇನಿ, ನಿಂಗೇನ್ ಗೊತ್ತಾಗ್ತೈತಿ?" ಎಂದೆ.

ಆ ಚಿತ್ರವನ್ನು ಅಣ್ಣ ಹೊಲದ ಶೆಡ್ಡಿನ ಗೋಡೆಗೆ ಅಂಟಿಸಿದ. ಬಳ್ಳಿ ಬೆಳೆದ ಮೇಲೆ ಮೂರು ವರ್ಷ ಅದರಂತೆಯೇ ಕತ್ತರಿಸಿದ, ಕೂಲಿಯವರ ಕೈಗೆ ಕತ್ತರಿ ಕೊಡಲಿಲ್ಲ. ಕಡಿದ ಕಡ್ಡಿಗಳನ್ನು ಸಿವುಡು ಮಾಡಿ, ಅದರಲ್ಲೇ ಒಂದು ಹಸಿ ಕಡ್ಡಿಯನ್ನು ತಿರುಚಿ ಕಟ್ಟಿ, ಸಾಲಿನ ಗುಲಾಬಿಯ ಬುಡಕ್ಕಿಡುವುದು ಅವನ ರೂಢಿ. ಕಣ್ಣುಗಳು ಅರ್ಧಕ್ಕರ್ಧ ಕೊಳೆತವು. ಅಣ್ಣ ಮೊದಲು ಮಳೆಯನ್ನು ಬೈದ, ಆಮೇಲೆ ತನ್ನ ಕೈಗುಣವನ್ನೇ ಬೈದುಕೊಂಡ. ಮೂರನೇ ವರ್ಷ ಧಾರವಾಡದಲ್ಲಿ ರೈತರ ತರಬೇತಿಯೊಂದಕ್ಕೆ ನಾನೊಬ್ಬನೇ ಹೋದಾಗ ನನ್ನ ತಪ್ಪು ನನಗೆ ತಿಳಿಯಿತು. ಆದರೂ ಹೇಳಲಿಲ್ಲ. ಕುಡಿದು ಬರೆದೆ ಎಂದು ಯಾವ ಬಾಯಿಂದ ಹೇಳಲಿ? ಮುಂದಿನ ಚಾಟ್ನಿಗೆ ನಾನೇ ಹೋಗಿ, ಏನೋ ಹೊಸ ಪದ್ಧತಿ ಬಂದಿದೆ ಎಂದು ತಿದ್ದಿದರಾಯಿತು ಎಂದುಕೊಂಡೆ. ಶ್ರಾವಣದಲ್ಲಿ ಅಣ್ಣ ಎದೆನೋವೆಂದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದಸರೆ ಕಳೆದ ಮೇಲೆ ಅವನ ಕತ್ತರಿ ಹಿಡಿದು ಒಬ್ಬನೇ ಹೊಲಕ್ಕೆ ಹೋದೆ. ಬೆಳಿಗ್ಗೆಯಿಂದ ಮೂರು ಸಾಲು ಕತ್ತರಿಸಿದೆ, ಈ ಸಲ ಸರಿಯಾಗಿ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಳುತ್ತಲೇ ಕತ್ತರಿಸಿದೆ. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಲಿಲ್ಲ. ಕತ್ತರಿಯನ್ನು ತಲೆಯಡಿ ಇಟ್ಟುಕೊಂಡು ಶೆಡ್ಡಿನಲ್ಲಿ ಅಡ್ಡಾದೆ. ಅರ್ಧ ಗಂಟೆ ಆಗಿತ್ತೇನೋ, ರಿಪೇರಿಯಾದ ಪಂಪ್ ಜೋಡಿಸಲು ಬಂದ ಹಳಿಯಾಳದ ಮೆಕ್ಯಾನಿಕ್ ಖಾದರ್‌ಭಾಯಿ ಎಬ್ಬಿಸಿದರು. ಅಣ್ಣನಿಗೆ ಬಹಳ ಬೇಕಾದವರು.

"ಅಲ್ಲಿ ಈರಣ್ಣಾರ ಕಟ್ಟಿದಂಗ ಸಿವುಡು ಯಾರ್ ಕಟ್ಯಾರ್ರಿ?" ಎಂದರು.

ಹೋಗಿ ನೋಡಿದೆ. ನಾಲ್ಕನೇ ಸಾಲಿನ ಚಾಟ್ನಿ ಪೂರ್ತಿಯಾಗಿತ್ತು. ಐದನೆಯದರಲ್ಲಿ ಎರಡು ಬಳ್ಳಿ ಮುಗಿದಿದ್ದವು. ನಾಲ್ಕನೇ ಸಾಲಿನ ಗುಲಾಬಿಯ ಬುಡದಲ್ಲಿ ಸಿವುಡು, ಅದಕ್ಕೆ ಹಸಿ ಕಡ್ಡಿ ತಿರುಚಿದ ಕಟ್ಟು. ಕತ್ತರಿಸಿದ ತುದಿಗಳಿಂದ ನೀರು ಇನ್ನೂ ಒಸರುತ್ತಿತ್ತು. ಪ್ರತಿಯೊಂದು ಇಳಿಜಾರೂ ಕಣ್ಣಿನ ಕಡೆಗೇ ಇತ್ತು, ನಾನು ಬರೆದುಕೊಟ್ಟಂತೆಯೇ, ಒಂದೂ ತಪ್ಪದೆ.

ನಿದ್ದೆಗಣ್ಣಿನಲ್ಲಿ ನಾನೇ ಕತ್ತರಿಸಿದೆನೇ? ಒಂದು ಸಾಲಿಗೆ ನನಗೆ ಗಂಟೆಯ ಮೇಲೆ ಹಿಡಿದಿತ್ತು. ಆ ಕಟ್ಟಂತೂ ಇವತ್ತಿಗೂ ನನಗೆ ಬರುವುದಿಲ್ಲ. ಅಕ್ಕಪಕ್ಕದ ಹೊಲದವರನ್ನೆಲ್ಲ ಆಮೇಲೆ ಕೇಳಿದೆ. ಎಲ್ಲರೂ ಗೋವಿನಜೋಳ ಮುರಿಯುವುದರಲ್ಲಿದ್ದರು, ಈ ಕಡೆ ಯಾರೂ ಬಂದಿರಲಿಲ್ಲ.

ಖಾದರ್‌ಭಾಯಿ ಬಗ್ಗಿ ಆ ಕಟ್ಟನ್ನು ಮುಟ್ಟಿ ನೋಡಿದರು. "ಏನರ ಹೇಳೂದು ಉಳದಿದ್ರ ಹೇಳಿಬಿಡ್ರಿ. ನಾ ಪಂಪಿನ ಕಡೆ ಇರ್ತೇನಿ," ಎಂದು ಹೊರಟುಹೋದರು.

ಐದನೇ ಸಾಲಿನ ಮೂರನೇ ಬಳ್ಳಿಯ ಮುಂದೆ ನಿಂತು ಹೇಳಿದೆ: "ಅಣ್ಣಾ, ಆ ಚಿತ್ರ ತಪ್ಪೈತಿ. ಕುಡದು ಬರದಿದ್ದೆ. ನಿನ್ನ ನೆನಪ ಖರೇ ಇತ್ತು. ನಿನ್ನ ಕೈಯಾಗ ಏನೂ ತಪ್ಪಿರಲಿಲ್ಲ."

ಕತ್ತರಿಯನ್ನು ಅಲ್ಲೇ ತಂತಿಗೆ ಸಿಕ್ಕಿಸಿ ಬಂದೆ. ವಾರವಿಡೀ ದಿನವೂ ಹೋಗಿ ನೋಡಿದೆ. ಮೂರನೇ ಬಳ್ಳಿ ಹಾಗೆಯೇ ಇತ್ತು, ಕತ್ತರಿಯೂ ಹಾಗೆಯೇ ಇತ್ತು. ನನ್ನ ಮಾತು ಕೇಳಿ ನಿಲ್ಲಿಸಿದನೋ, ನಾನು ಬಾಯಿ ತೆರೆಯುವ ಮೊದಲೇ ಹೋಗಿಬಿಟ್ಟಿದ್ದನೋ, ಆರು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಕೇಳಿಸಿಕೊಂಡಿರಲಿ ಎಂದು ಬೇಡಿಕೊಳ್ಳುತ್ತೇನೆ. ಮತ್ತೆ ಕೆಲವು ದಿನ, ಕೇಳಿಸಿಕೊಳ್ಳದೆ, ತಮ್ಮನನ್ನು ನಂಬಿಕೊಂಡೇ ಹೋಗಿರಲಿ ಎಂದೂ ಬೇಡಿಕೊಳ್ಳುತ್ತೇನೆ.