ಬಲಗಡೆಯ ದೊಡ್ಡ ಗುಂಡಿ

ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದಾದ ಆ ಆಟದ ಯಂತ್ರವನ್ನು ಕೊಳ್ಳಬೇಕೋ ಬೇಡವೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ದೇವನಹಳ್ಳಿಯ ಹತ್ತಿರ, ವಿಮಾನದಲ್ಲಿ ಹೋಗುವ ಸರಕಿನ ಗೋದಾಮೊಂದರ ಕಚೇರಿಯಲ್ಲಿ ನನಗೆ ಕೆಲಸ. ಊಟದ ಬಿಡುವಿನಲ್ಲಿ ಫೋನು ಹಿಡಿದು ಅಂಥ ಯಂತ್ರಗಳ ವಿಡಿಯೋಗಳನ್ನು ನೋಡುತ್ತಿದ್ದೆ. ಹಳೆಯ ಕಾಲದ ವಿಡಿಯೋ ಗೇಮುಗಳನ್ನೆಲ್ಲ ಒಂದೇ ಪುಟ್ಟ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಪಕ್ಕದ ಮೇಜಿನವನು ಒಂದು ದಿನ ಬಗ್ಗಿ ನೋಡಿದ.

‘ಏನ್ ಗುರು, ಮಕ್ಳಾಟ? ಮದ್ವೆ ಮಾಡ್ಕೊಳೋ ವಯಸ್ಸಲ್ಲಿ?’

‘ನಂಗಲ್ಲ, ನಮ್ಮಕ್ಕಂಗೆ’ ಎಂದೆ. ಅವನು ಇನ್ನೂ ಜೋರಾಗಿ ನಕ್ಕ.

ದೊಡ್ಡಬಳ್ಳಾಪುರದಲ್ಲಿರುವ ನನ್ನ ಅಕ್ಕನಿಗೆ ಆ ಬೇಸಿಗೆಯಲ್ಲಿ ಸ್ಟ್ರೋಕ್ ಆಗಿತ್ತು. ಮಾತು ಬೇಗ ಮರಳಿತು. ಕಾಲೂ ನಿಧಾನವಾಗಿ ಹಿಡಿತಕ್ಕೆ ಬಂತು. ಬಲಗೈ ಮಾತ್ರ ಬರಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವಳು ನಡೆಸುತ್ತಿದ್ದ ಎರಡು ಪವರ್‌ಲೂಮ್ ಮಗ್ಗಗಳು ಅಂದಿನಿಂದ ನಿಂತೇ ಇದ್ದವು. ಮಗ್ಗ ಓಡುವುದಕ್ಕೆ ಕರೆಂಟು ಸಾಕು. ಕಡಿದುಹೋದ ಎಳೆಯನ್ನು ಹುಡುಕಿ ಗಂಟು ಹಾಕುವುದಕ್ಕೆ ಹೆಬ್ಬೆರಳು ಬೇಕು. ಭಾವ ಕಾರ್ಖಾನೆ ಕೆಲಸಕ್ಕೆ ಹೋಗುವವರು, ಮಗ್ಗದ ಕೆಲಸ ಅವರಿಗೆ ಬಾರದು. ಆಯುಧಪೂಜೆ ಮುಗಿಯಲಿ, ಗುಜರಿಯವನನ್ನು ಕರೆಸಿ ಎರಡನ್ನೂ ತೂಕಕ್ಕೆ ಹಾಕಿಬಿಡುತ್ತೇನೆ ಎಂದು ಅವರು ನನ್ನೊಬ್ಬನಿಗೇ ಹೇಳಿದ್ದರು. ಅಕ್ಕನಿಗೆ ಹೇಳಬೇಡ ಎಂದೂ ಹೇಳಿದ್ದರು. ಹದಿನಾರನೇ ವಯಸ್ಸಿನಿಂದ ಅವಳು ಮಗ್ಗದ ಮುಂದೆ ನಿಂತವಳು. ಅದನ್ನು ಬಿಟ್ಟು ಅವಳು ಇನ್ನೇನಾಗಿ ಇರಬಲ್ಲಳು ಎಂದು ಭಾವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕೈಗೆ ವ್ಯಾಯಾಮ ಹೇಳಿಕೊಡುತ್ತಿದ್ದಾಕೆ ಹಿಸುಕುವುದಕ್ಕೆ ಒಂದು ಮೆತ್ತನೆಯ ಚೆಂಡು ಕೊಟ್ಟಿದ್ದಳು. ಅಕ್ಕ ಅದನ್ನು ಬೇಜಾರಿನಿಂದ ಒಂದೆರಡು ಸಲ ಹಿಸುಕಿ ಮಂಚದ ಕೆಳಗೆ ಉರುಳಿಸಿಬಿಡುತ್ತಿದ್ದಳು. ‘ಅವ್ರಿಗೆ ಇಷ್ಟವಾಗಿದ್ದು ಏನಾದ್ರೂ ಕೊಡಿ, ಬೆರಳು ತಾನಾಗೇ ಆಡ್ಬೇಕು’ ಎಂದು ಆಕೆ ಹೇಳಿದಾಗ ನನಗೆ ಆ ಹಳೆಯ ಗೇಮು ನೆನಪಾಯಿತು.

ಅವು ವಿಮಾನ ನಿಲ್ದಾಣ ಕಟ್ಟುತ್ತಿದ್ದ ವರ್ಷಗಳು. ಬಸ್ ಸ್ಟ್ಯಾಂಡಿನ ಅಂಗಡಿಯಿಂದ ತಂದ ಬೂದುಬಣ್ಣದ ಪ್ಲಾಸ್ಟಿಕ್ ಯಂತ್ರ. ಪರದೆಯ ಮೇಲಿನಿಂದ ಇಟ್ಟಿಗೆಯಂಥ ತುಂಡುಗಳು ಬೀಳುತ್ತವೆ. ಸರಿಸಿ, ತಿರುಗಿಸಿ ಸಾಲು ತುಂಬಿಸಬೇಕು. ಸರಿಸುವ ಚಿಕ್ಕ ಗುಂಡಿಗಳು ಎಡಗಡೆ, ತಿರುಗಿಸುವ ಒಂದು ದೊಡ್ಡ ಗುಂಡಿ ಬಲಗಡೆ. ಕರೆಂಟು ಹೋಗಿ ಅಪ್ಪನ ಮಗ್ಗಗಳೆಲ್ಲ ಒಟ್ಟಿಗೆ ನಿಂತಾಗ, ಆ ನಿಶ್ಶಬ್ದದಲ್ಲಿ ಅಕ್ಕ ಹಜಾರದಲ್ಲಿ ಕೂತು ಅದನ್ನು ಆಡುತ್ತಿದ್ದಳು. ನಮ್ಮ ಬೀದಿಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ದೊಡ್ಡ ಗುಂಡಿಯ ಮೇಲೆ ಅವಳ ಬಲ ಹೆಬ್ಬೆರಳು ಟಕಟಕನೆ ಬೀಳುತ್ತಿದ್ದುದು, ಆ ಉಗುರಿನ ಅಂಚಿನಲ್ಲಿ ಮಗ್ಗದ ಎಣ್ಣೆಯ ಕಪ್ಪು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು.

ಕಣ್ಣಿಗೆ ಕಟ್ಟಿದಂತಿರುವುದನ್ನೇ ಮೊದಲು ಅನುಮಾನಿಸಬೇಕು ಎಂಬುದೊಂದನ್ನು ನಾನು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿ ಕಲಿತಿದ್ದೆ. ಆ ಪರದೆಯ ಹಸಿರು ಬೆಳಕು ಅಕ್ಕನ ಮುಖದ ಮೇಲೆ ಬೀಳುತ್ತಿದ್ದುದೂ ನನಗೆ ನೆನಪಿತ್ತು. ಆದರೆ ಅಂಥ ಯಂತ್ರಗಳ ಪರದೆಗೆ ಬೆಳಕೇ ಇರಲಿಲ್ಲ. ಕ್ಯಾಲ್ಕುಲೇಟರಿನ ಹಾಗೆ ಮಂಕು ಗಾಜು, ಮೇಲೆ ಕಪ್ಪು ಚೌಕಗಳು. ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ. ಹಾಗಾದರೆ ಆ ಹಸಿರು ಬೆಳಕನ್ನು ನಾನು ಎಲ್ಲಿಂದ ತಂದು ಅವಳ ಮುಖಕ್ಕೆ ಹಚ್ಚಿದೆ? ಬೆಳಕು ಸುಳ್ಳಾದರೆ ಹೆಬ್ಬೆರಳು ನಿಜವೇ? ಹೆಬ್ಬೆರಳು ನಿಜ ಎಂದುಕೊಂಡೆ. ಅದು ನಿಜವಾಗಿರುವುದು ನನಗೆ ಬೇಕಾಗಿತ್ತು.

ಅದೇ ಆಟ ಫೋನಿನಲ್ಲೇ ಬಿಟ್ಟಿ ಸಿಗುತ್ತದೆ. ಆದರೆ ಫೋನಿನ ಗಾಜು ಬೆರಳನ್ನು ಮರಳಿ ತಳ್ಳುವುದಿಲ್ಲ. ಜೋಮು ಹಿಡಿದ ಬೆರಳಿಗೆ ತಾನು ಒತ್ತಿದೆನೋ ಇಲ್ಲವೋ ತಿಳಿಯುವುದಿಲ್ಲ. ಗುಂಡಿಯಾದರೆ ಇಳಿದು ಏಳುತ್ತದೆ. ಆಟದ ನಡುವೆ ಜಾಹೀರಾತು ನುಗ್ಗುವುದಿಲ್ಲ, ಇನ್ನೇನು ಸಾಲು ತುಂಬಬೇಕು ಎನ್ನುವಾಗ ಯಾರೂ ಕರೆ ಮಾಡುವುದಿಲ್ಲ. ಕರೆಂಟಿಲ್ಲದಿದ್ದರೂ ನಡೆಯುತ್ತದೆ. ಇಷ್ಟು ಒಳ್ಳೆಯದು. ಕೆಟ್ಟದ್ದೂ ಕಡಿಮೆ ಇರಲಿಲ್ಲ. ಬೆಂಕಿಪೊಟ್ಟಣದ ಗಾತ್ರದ್ದು ಜೇಬಿಗೆ ಸುಖ, ಕೈಗೆ ಶಿಕ್ಷೆ. ಗಟ್ಟಿಮುಟ್ಟಾದ ಬೆರಳೂ ಅದರಲ್ಲಿ ಒಂದರ ಬದಲು ಎರಡು ಗುಂಡಿ ಒತ್ತುತ್ತದೆ. ಸಾವಿರಗಟ್ಟಲೆ ಆಟ ತುಂಬಿ ಕೊಡುತ್ತಾರೆ, ಯಾರ ಆಟವನ್ನು ಯಾರ ಅಪ್ಪಣೆಯಿಂದ ತುಂಬಿದರೋ ಯಾರೂ ಹೇಳುವುದಿಲ್ಲ. ಅಷ್ಟರಲ್ಲಿ ಬೇಕಾದ ಒಂದನ್ನು ಹುಡುಕುವ ಹೊತ್ತಿಗೆ ಆಡುವ ಆಸೆ ಸತ್ತಿರುತ್ತದೆ. ಅಗ್ಗದವುಗಳ ಬ್ಯಾಟರಿ ಉಬ್ಬುತ್ತದೆ ಎಂದು ಕೆಲವರು ದೂರಿದ್ದರು. ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಹೊಗಳುವವರ ದನಿ. ಅವರು ಹೊಗಳುತ್ತಿದ್ದುದು ಕೈಯಲ್ಲಿದ್ದ ಯಂತ್ರವನ್ನಲ್ಲ, ತಮ್ಮ ಹತ್ತನೇ ವಯಸ್ಸನ್ನು. ನಾನೂ ಅದನ್ನೇ ಮಾಡುತ್ತಿದ್ದೇನೆಯೇ, ಅಕ್ಕನ ಕೈಯನ್ನು ನೆಪ ಮಾಡಿಕೊಂಡು?

ಕೊನೆಗೆ ಸೋಪಿನ ಗಾತ್ರದ ಒಂದನ್ನು ತರಿಸಿ, ಬೇರೆ ಆಟಗಳನ್ನೆಲ್ಲ ಅಳಿಸಿ, ಇಟ್ಟಿಗೆಯದೊಂದನ್ನೇ ಉಳಿಸಿ ಒಂದು ಭಾನುವಾರ ತೆಗೆದುಕೊಂಡು ಹೋದೆ. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

‘ಅಯ್ಯೋ, ಇಷ್ಟ್ ದೊಡ್ಡ ಓದು ಓದಿ ಇದುನ್ನ ತಂದ್ಯೇನೋ!’

ಆನ್ ಮಾಡಿದಾಗ ಅದು ಬೇರೇನೋ ಸಂಗೀತ ನುಡಿಸಿತು. ‘ಹಳೇದ್ರಲ್ಲಿ ಟ್ಯೂನ್ ಚೆನ್ನಾಗಿತ್ತಲ್ಲಕ್ಕ’ ಎಂದು ನಾನು ಅದನ್ನು ಗುನುಗಿದೆ.

ಅಕ್ಕ ನಗತೊಡಗಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ‘ಲೋ, ಅದು ಗೇಮಿಂದಲ್ಲ ಕಣೋ! ಏರ್‌ಪೋರ್ಟಿಗೆ ಮಣ್ಣು ಹೊಡೀತಿದ್ವಲ್ಲ ಟಿಪ್ಪರ್‌ಗಳು, ನಮ್ ಬೀದಿ ಕೊನೇಲಿ ಒಬ್ಬ ತಂದು ನಿಲ್ಲಿಸ್ತಿದ್ದ. ಅವನು ರಿವರ್ಸ್ ಹಾಕ್ದಾಗ ಬರ್ತಿದ್ದಿದ್ದು ಅದು. ಗೇಮು ಬರೀ ಕುಯ್ ಕುಯ್ ಅಂತಿತ್ತು.’

ಅವಳು ಹೇಳಿದ್ದು ಸರಿ ಎಂದು ತಕ್ಷಣ ತಿಳಿಯಿತು. ಮಗ್ಗ ಓಡುವಾಗ ನಮ್ಮ ಮನೆಯಲ್ಲಿ ಏನೂ ಕೇಳಿಸುತ್ತಿರಲಿಲ್ಲ. ತುಟಿ ನೋಡಿ, ಕೈ ಸನ್ನೆಯಲ್ಲಿ ಮಾತಾಡುತ್ತಿದ್ದೆವು. ಕರೆಂಟು ಹೋದಾಗಲೇ ಗೇಮಿನ ಸದ್ದೂ ಬೀದಿಯ ಸದ್ದೂ ಒಟ್ಟಿಗೆ ಒಳಗೆ ಬರುತ್ತಿದ್ದವು. ನಾನು ಎರಡಕ್ಕೂ ಒಂದೇ ಗಂಟು ಹಾಕಿಬಿಟ್ಟಿದ್ದೆ. ಮೊದಲು ಬೆಳಕು ಹೋಗಿತ್ತು, ಈಗ ಹಾಡೂ ಹೋಯಿತು. ಬಸ್ಸಿನಲ್ಲಿ ಮರಳುವಾಗ ಹೆಬ್ಬೆರಳನ್ನು ನೆನೆದು ಹೆದರಿಕೆಯಾಯಿತು.

ಮತ್ತೆ ಹೋದಾಗ ಭಾವ ಬಾಗಿಲಲ್ಲೇ ತಡೆದರು. ‘ಏನಪ್ಪಾ, ಏನ್ ತಂದ್ಕೊಟ್ಟೆ ನೀನು? ಇಡೀ ದಿನ ಅದ್ರಲ್ಲೇ ಇರ್ತಾಳೆ. ಎಡಗೈಲಿ!’

ಒಳಗೆ ಅಕ್ಕ ಯಂತ್ರವನ್ನು ಮಡಿಚಿದ ಕಂಬಳಿಗೆ ಒರಗಿಸಿ ಆಡುತ್ತಿದ್ದಳು. ಎಡ ಹೆಬ್ಬೆರಳು ಸರಿಸುತ್ತಿತ್ತು, ಎಡ ತೋರುಬೆರಳು ಅಡ್ಡಲಾಗಿ ಚಾಚಿ ತಿರುಗಿಸುತ್ತಿತ್ತು. ಸ್ಕೋರು ಮೇಲೇರಿತ್ತು. ಬಲಗೈ ಮಡಿಲಲ್ಲಿ ಒಗೆದು ಮಡಿಸಿಟ್ಟ ಬಟ್ಟೆಯ ಹಾಗೆ ಬಿದ್ದಿತ್ತು. ಎಷ್ಟೊಂದು ಗುಣದೋಷ ತೂಗಿ ನೋಡಿದವನಿಗೆ ಇದೊಂದು ಹೊಳೆದಿರಲಿಲ್ಲ: ಚೆಂಡನ್ನು ಎಡಗೈಯಲ್ಲಿ ಹಿಸುಕಿ ಸಿಗುವುದೇನಿಲ್ಲ, ಗುಂಡಿಯನ್ನು ಯಾವ ಕೈಯಲ್ಲಿ ಒತ್ತಿದರೂ ಆಟ ಗೆಲ್ಲಬಹುದು.

‘ಅಕ್ಕ, ಬಲಗೈಲಿ ತಿರುಗ್ಸು. ಮುಂಚೆ ಹಂಗೇ ತಾನೆ ಆಡ್ತಿದ್ದಿದ್ದು?’

‘ಯಾವಾಗ?’

‘ಹಜಾರದಲ್ಲಿ ಕೂತ್ಕೊಂಡು. ಕರೆಂಟ್ ಹೋದಾಗ.’

‘ತಿರುಗಿಸ್ತಿದ್ದಿದ್ದು ನೀನಲ್ವೇನೋ! ಸರಿಸೋದು ನಾನು, ತಿರುಗಿಸೋದು ನೀನು. ಆ ದೊಡ್ಡ ಗುಂಡಿ ಯಾರಿಗಾದ್ರೂ ಬಿಟ್ಕೊಡ್ತಿದ್ಯಾ ನೀನು? ನನ್ ಬಲಗೈ ನಿನ್ ಹೆಗಲ ಮೇಲಿರ್ತಿತ್ತು. ತಡ ಮಾಡಿದ್ರೆ ಕಿವಿ ಹಿಂಡೋಕೆ.’

‘ಉಗುರಲ್ಲಿ ಮಗ್ಗದೆಣ್ಣೆ ಇತ್ತಲ್ಲ?’

‘ಸ್ಕೂಲಿಂದ ಬಂದು ಮಗ್ಗಕ್ಕೆ ಎಣ್ಣೆ ಬಿಡ್ತಿದ್ದಿದ್ದು ಯಾರಪ್ಪಾ? ಅದೂ ನಾನೇನಾ?’

ನಾನು ನನ್ನ ಹೆಬ್ಬೆರಳನ್ನು ನೋಡಿಕೊಂಡೆ. ಅಷ್ಟು ವರ್ಷ ಅದನ್ನೇ ಅಕ್ಕನ ಕೈಗೆ ಅಂಟಿಸಿ ನೋಡಿದ್ದೆ. ಅವಳು ಹೇಳಿದ್ದು ನಿಜವೋ, ಅದೂ ಅವಳು ಕಟ್ಟಿಕೊಂಡ ನೆನಪೋ, ಹೇಳುವುದಕ್ಕೆ ಮೂರನೆಯವರಿಲ್ಲ. ಆದರೆ ಕಿವಿ ಹಿಂಡುವ ಮಾತು ಬಂದೊಡನೆ ನನ್ನ ಕಿವಿ ಬಿಸಿಯಾಯಿತು.

‘ಬಾ, ಕೂತ್ಕೊ, ಈಗ್ಲೂ ಹಂಗೇ ಆಡಾಣ’ ಎಂದು ಅಕ್ಕ ಎಡಕ್ಕೆ ಸರಿದಳು. ಅವಳ ಮುಖದಲ್ಲಿ ಹುಮ್ಮಸ್ಸಿತ್ತು. ಬಲಗಡೆ ಕೂತು ನಾನೇ ತಿರುಗಿಸಿದ್ದರೆ ಅಂದಿನ ಮಧ್ಯಾಹ್ನ ಸುಖವಾಗಿ ಕಳೆಯುತ್ತಿತ್ತು. ಮಗ್ಗಗಳು ಗುಜರಿಗೆ ಹೋಗುತ್ತಿದ್ದವು.

‘ಇಲ್ಲ. ಇವತ್ತು ನಾನು ಎಡಕ್ಕೆ.’

ಅವಳ ಮುಖ ಬಿಗಿಯಿತು. ಆದರೂ ಬಲಕ್ಕೆ ಸರಿದಳು. ನಾನು ಅವಳ ಬಲಗೈಯನ್ನು ಎತ್ತಿ ಯಂತ್ರದ ಅಂಚಿಗೆ ಹಿಡಿಸಿ, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟೆ. ಆ ಕೈ ತಣ್ಣಗಿತ್ತು. ತುಂಡುಗಳು ಬೀಳತೊಡಗಿದವು. ನಾನು ಸರಿಸಿದೆ, ಯಾವುದೂ ತಿರುಗಲಿಲ್ಲ. ಅಡ್ಡಾದಿಡ್ಡಿ ರಾಶಿ ಬಿದ್ದು ಆಟ ಮುಗಿಯಿತು. ಮತ್ತೆ ಹಾಕಿದೆ, ಮತ್ತೆ ಮುಗಿಯಿತು. ‘ಒತ್ತಕ್ಕ.’ ‘ಒತ್ತಿದೀನಿ ಕಣೋ, ಅದು ಕೇಳ್ತಿಲ್ಲ.’ ಅವಳ ಹಣೆಯಲ್ಲಿ ಬೆವರಿತ್ತು.

ಎಷ್ಟು ಸಲ ಹಾಗಾಯಿತೋ. ಒಮ್ಮೆ, ಉದ್ದನೆಯ ತುಂಡೊಂದು ಅರ್ಧ ದಾರಿ ಇಳಿದಿದ್ದಾಗ, ತಿರುಗಿತು.

ಅವಳ ಹೆಬ್ಬೆರಳು ಅಲುಗಿದ್ದನ್ನು ನಾನು ನೋಡಿದೆನೇ? ಅಥವಾ ಜಾರುತ್ತಿದ್ದ ಯಂತ್ರವನ್ನು ಹಿಡಿಯಲು ಹೋಗಿ ನಾನೇ ಅವಳ ಬೆರಳನ್ನು ತಳ್ಳಿದೆನೇ? ನಡೆದು ಒಂದು ಕ್ಷಣವಾಗಿರಲಿಲ್ಲ, ಆಗಲೇ ನನಗೆ ಗೊತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಭಾವ ಕೇಳಿದರು. ‘ಒತ್ತಿದ್ಳಾ?’

ಅಕ್ಕ ಪರದೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು.

‘ಗೊತ್ತಿಲ್ಲ ಭಾವ. ತಿರುಗಿದ್ದಂತೂ ನಿಜ. ಗುಜರಿಯವನಿಗೆ ಈಗ್ಲೇ ಬರ್ಬೇಡ ಅನ್ನಿ.’

ಬಾಯಿಂದ ಬಂದುಬಿಟ್ಟಿತ್ತು. ಭಾವ ನೆಲ ನೋಡಿದರು. ಅಕ್ಕ ಅವರತ್ತ ತಿರುಗಲಿಲ್ಲ. ಗುಜರಿ ಎಂಬ ಮಾತು ಅವಳಿಗೆ ಹೊಸದಾಗಿ ಕೇಳಿಸಿದಂತೆಯೂ ಕಾಣಲಿಲ್ಲ.

‘ಇನ್ನೊಂದ್ಸಲ ಹಾಕು’ ಎಂದಳು. ‘ಈ ಸಲ ಕೈ ತೆಗ್ದು ದೂರ ಇಟ್ಕೊಂಡು ನೋಡು. ಆಮೇಲೆ ಅನುಮಾನ ಅನ್ಬೇಡ.’