ಪಂಪಿಗೆ ಕಿವಿಗೊಡುವ ಮರುದಾಚಲಂ

ಬೆಳಗಿನ ಐದೂವರೆ. ಕೊಯಮತ್ತೂರಿನ ಗಣಪತಿ ಬಡಾವಣೆಯ ಈ ಸಂದಿಗೆ ಇನ್ನೂ ಮಿನಿಬಸ್ಸುಗಳ ಹಾವಳಿ ಶುರುವಾಗಿಲ್ಲ. ತಗಡಿನ ಶೆಡ್ಡಿನಡಿ ನಿಂತಿರುವ ಬಿಳಿ ಕಾರಿನ ಹಿಂದಿನ ಸೀಟನ್ನು ಕಿತ್ತು ಹೊರಗಿಟ್ಟಿದ್ದಾರೆ. ಆ ಜಾಗದಲ್ಲಿ ಐವತ್ತೇಳು ವರ್ಷದ ಮರುದಾಚಲಂ ಮಂಡಿಯೂರಿ, ಪೆಟ್ರೋಲ್ ಟ್ಯಾಂಕಿನ ಮೇಲಿನ ತಗಡಿಗೆ ಬಲಗಿವಿ ಒತ್ತಿದ್ದಾರೆ.

"ಕೀ ತಿರುಗ್ಸು ತಂಬಿ. ಸ್ಟಾರ್ಟ್ ಮಾಡ್ಬೇಡ."

ಡ್ರೈವರ್ ಆರುಚ್ಚಾಮಿ ಕೀ ತಿರುಗಿಸುತ್ತಾರೆ. ಟ್ಯಾಂಕಿನೊಳಗಿನ ಪಂಪು ಎರಡು ಸೆಕೆಂಡು ಗುಂಯ್‌ಗುಟ್ಟಿ ಸುಮ್ಮನಾಗುತ್ತದೆ. ಇನ್ನೊಂದು ಸಲ. ಮತ್ತೊಂದು ಸಲ. ಹನ್ನೊಂದು ಸಲ ಕೇಳಿಸಿಕೊಂಡ ಮೇಲೆ ಮರುದಾಚಲಂ ಏಳುತ್ತಾರೆ. "ತಣ್ಣಗಿರೋವಾಗ ಎಲ್ರೂ ಒಳ್ಳೇವ್ರೇ ಸಾರ್. ಬಿಸಿಯಾದ್ಮೇಲೆ ನೋಡೋಣ."

ಮೊದಲೇ ಹೇಳಿಬಿಡುತ್ತೇನೆ, ಮೆಕ್ಯಾನಿಕ್‌ಗಳೆಂದರೆ ನನಗೆ ನಂಬಿಕೆ ಕಮ್ಮಿ. ಈ ಊರಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಅಷ್ಟರಲ್ಲಿ ನನ್ನ ಎರಡು ಕಾರುಗಳನ್ನು ಬಿಚ್ಚಿದವರು ಬಿಚ್ಚಿದರೇ ಹೊರತು ಸರಿಯಾಗಿ ಜೋಡಿಸಿದವರಿಲ್ಲ. 'ಕಿವಿಯಲ್ಲೇ ರೋಗ ಹಿಡೀತಾರೆ' ಎಂದು ಯಾರೋ ಮರುದಾಚಲಂ ಬಗ್ಗೆ ಹೇಳಿದಾಗ, ಸರಿ, ಇದೂ ಒಂದು ನಾಟಕವಿರಬೇಕು ಅಂದುಕೊಂಡೇ ಬಂದವನು ನಾನು. ಅವರೇನೂ ನನ್ನನ್ನು ನಂಬಿದಂತಿಲ್ಲ. ಕನ್ನಡ ಪೇಪರಿಗೆ ಬರೆಯಲೆಂದು ಮೂರು ದಿನದಿಂದ ಶೆಡ್ಡಿನ ಮೂಲೆಯಲ್ಲಿ ಕೂತಿದ್ದೇನೆ, ಫೋಟೊಗೆ ಮಾತ್ರ ಒಪ್ಪಿಲ್ಲ.

ಮೂರು ದಿನದಿಂದಲೂ ಇದೇ ಕಾರು. ನೂಲಿನ ವ್ಯಾಪಾರಿ ಬಾಲಸುಂದರಂ ಅವರದು. ಏರು ಹತ್ತುವಾಗ ಮುಗ್ಗರಿಸುತ್ತದೆ. ಮೊದಲ ಗ್ಯಾರೇಜಿನವರು ಟರ್ಬೊ ಕೆಟ್ಟಿದೆ ಎಂದು ಬದಲಾಯಿಸಿದರು, ಸರಿಹೋಗಲಿಲ್ಲ. ಎರಡನೆಯವರು ಪಂಪು ಬದಲಾಯಿಸಿದರು, ಸರಿಹೋಯಿತು. ಒಂಬತ್ತೇ ತಿಂಗಳಲ್ಲಿ ಮತ್ತೆ ಅದೇ ಹಾಡು. ಹೊಸ ಪಂಪು ಇಷ್ಟು ಬೇಗ ಸಾಯುವುದಕ್ಕೆ ಬಾಲಸುಂದರಂ ಅವರಿಗೆ ಕಾಣುವುದು ಒಂದೇ ಕಾರಣ: ಡ್ರೈವರ್ ಪೆಟ್ರೋಲ್ ಕದ್ದು ಮಾರಿ, ಟ್ಯಾಂಕಿಗೆ ಸೀಮೆಎಣ್ಣೆ ಸುರಿಯುತ್ತಿದ್ದಾನೆ. ಆರುಚ್ಚಾಮಿ ಹನ್ನೊಂದು ವರ್ಷದಿಂದ ಬಾಲಸುಂದರಂ ಅವರ ಡ್ರೈವರ್.

"ಇವತ್ತು ಇತ್ಯರ್ಥ ಆಗ್ಬೇಕು ಮರುದಾಚಲಂ. ಸೀಮೆಎಣ್ಣೆ ಅಂತ ಒಂದು ಮಾತು ಹೇಳು ಸಾಕು, ಇಲ್ಲಿಂದ ನೇರ ಸ್ಟೇಷನ್ನಿಗೇ ಇವನ್ನ ಕರ್ಕೊಂಡು ಹೋಗ್ತೀನಿ," ಎನ್ನುತ್ತಾರೆ ಬಾಲಸುಂದರಂ, ಆರುಚ್ಚಾಮಿಯ ಎದುರಿಗೇ. ಆರುಚ್ಚಾಮಿ ನೆಲ ನೋಡುತ್ತಾ ನಿಂತಿರುತ್ತಾರೆ. ನಿಜ ಹೇಳಬೇಕೆಂದರೆ, ಆ ನೆಲ ನೋಡುವ ಚಂದಕ್ಕೆ ನನಗೂ ಇವರ ಮೇಲೆಯೇ ಅನುಮಾನ.

ಸೀಟು ಮತ್ತೆ ಕೂರಿಸಿ ನಾಲ್ವರೂ ಮರುದಮಲೆ ಬೆಟ್ಟದ ರಸ್ತೆ ಹಿಡಿಯುತ್ತೇವೆ. ಪೆಟ್ರೋಲಿನ ಒತ್ತಡ ತೋರಿಸುವ ಮೀಟರನ್ನು ಗಾಜಿಗೆ ಟೇಪಿನಲ್ಲಿ ಅಂಟಿಸಿದೆ. ಮುಳ್ಳು ನಾಲ್ಕರ ಮೇಲಿದೆ. ಒಂದು ಸುತ್ತು ಹತ್ತಿಳಿದರೂ ನಾಲ್ಕೇ. ಬಾಲಸುಂದರಂ ಗೊಣಗುತ್ತಾರೆ. ಮೂರನೇ ಸುತ್ತಿನಲ್ಲಿ, ಮರುದಾಚಲಂ ಆಕ್ಸಿಲರೇಟರ್ ಒತ್ತಿದ ಕೂಡಲೇ ಮುಳ್ಳು ಎರಡೂವರೆಗೆ ಕುಸಿಯುತ್ತದೆ. ಕಾರು ಕೆಮ್ಮಿದಂತೆ ಜಗ್ಗುತ್ತದೆ.

"ನೋಡಿದ್ರಾ? ಟರ್ಬೊ ಪಾಪ ತನ್ನ ಪಾಡಿಗೆ ಗಾಳಿ ತುರುಕ್ತಾ ಇದೆ. ಅಷ್ಟು ಗಾಳಿಗೆ ಬೇಕಾದಷ್ಟು ಪೆಟ್ರೋಲ್ ಕೊಡೋಕೆ ಪಂಪಿಗೆ ಆಗ್ತಿಲ್ಲ. ಜನ ಬಯ್ಯೋದು ಮಾತ್ರ ಟರ್ಬೊನ."

ಹಾಗಾದರೆ ಪಂಪೇ ಕೆಟ್ಟಿದೆ ಎಂದು ನಾನು ಬರೆದುಕೊಳ್ಳುತ್ತೇನೆ. "ಈಗ್ಲೇ ಬರೀಬೇಡಿ," ಎನ್ನುತ್ತಾರೆ. "ವೈರಲ್ಲಿ ಕರೆಂಟ್ ಕಮ್ಮಿ ಬಂದ್ರೂ ಹೀಗೇ ಆಗುತ್ತೆ. ಫಿಲ್ಟರ್ ಕಟ್ಟಿದ್ರೂ ಹೀಗೇ. ಎಲ್ರ ಮೇಲೂ ಅನುಮಾನ ಪಡ್ಬೇಕು ಸಾರ್. ಒಬ್ಬನ್ನೇ ಹಿಡ್ಕೊಂಡ್ರೆ ಕೆಟ್ವಿ."

ಈ ಬುದ್ಧಿ ಅವರಿಗೆ ಬಂದದ್ದು ಕಾರುಗಳಿಂದಲ್ಲ. ಹದಿನಾರನೇ ವಯಸ್ಸಿಗೇ ನೀರೆತ್ತುವ ಮೋಟಾರು ಮಾಡುವ ಕಾರ್ಖಾನೆಯೊಂದಕ್ಕೆ ಸೇರಿ, ಹದಿನಾಲ್ಕು ವರ್ಷ ತಾಮ್ರದ ತಂತಿ ಸುತ್ತಿದವರು ಮರುದಾಚಲಂ. ಅಲ್ಲಿನ ಯಂತ್ರಗಳ ಗದ್ದಲ ಎಡಗಿವಿಯನ್ನು ತಿಂದುಹಾಕಿತು. ಕಾರ್ಖಾನೆ ಮುಚ್ಚಿದಾಗ ಕೈಯಲ್ಲಿದ್ದದ್ದು ಒಂದು ಕಿವಿ, ಒಂದು ಸ್ಪಾನರ್ ಸೆಟ್ಟು. ಈಗ ಮಾಮೂಲಿ ದಿನಗಳಲ್ಲಿ ಮೂರು ನಾಲ್ಕು ಪಂಪು ಬಿಚ್ಚುತ್ತಾರೆ. ಬಲಗಿವಿಗೂ ಈಚೆಗೆ ಸದ್ದು ಮಂಜಾಗುತ್ತಿದೆಯಂತೆ, ಅದಕ್ಕೇ ಸಂದಿ ಏಳುವ ಮೊದಲು ಕೆಲಸ. ಬೋರ್ಡಿಲ್ಲ, ಕಾರ್ಡಿಲ್ಲ. ಸೋತು ಕೈಚೆಲ್ಲಿದ ದೊಡ್ಡ ಗ್ಯಾರೇಜುಗಳೇ ಗುಟ್ಟಾಗಿ ಇಲ್ಲಿಗೆ ಕಾರು ಕಳಿಸುತ್ತವೆ, ಇವರ ಹೆಸರನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.

ಶೆಡ್ಡಿಗೆ ಮರಳಿ, ಪಂಪಿಗೆ ಬರುವ ಕರೆಂಟ್ ಅಳೆಯುತ್ತಾರೆ. ಸರಿಯಾಗಿದೆ. ಕಾರು ಆರಿದ ಮೇಲೆ ಬ್ಯಾಟರಿಯ ತಂತಿ ಬಿಚ್ಚಿ, ಪಂಪನ್ನು ಹೊರಗೆಳೆಯುವ ಮುಂಚೆ ಆರುಚ್ಚಾಮಿಯತ್ತ ತಿರುಗುತ್ತಾರೆ.

"ಬೆರೆಸಿದ್ದೀಯಾ?"

"ನನ್ ಮಗಳಾಣೆಗೂ ಇಲ್ಲಣ್ಣಾ."

"ಆಣೆಗೀಣೆ ಬೇಡ. ಇಲ್ಲೇ ಪಕ್ಕದಲ್ಲಿ ನಿಂತು ನೋಡು."

ಟ್ಯಾಂಕಿನ ಪೆಟ್ರೋಲನ್ನು ಒಂದು ಹನಿ ಬಿಳಿ ಸೋಸುಕಾಗದದ ಮೇಲೆ ಬಿಡುತ್ತಾರೆ. ಸೀಮೆಎಣ್ಣೆಯಿದ್ದರೆ ಎಣ್ಣೆಯ ಕಲೆ ಉಳಿಯುತ್ತದೆ. ನಾಲ್ವರೂ ಆ ಕಾಗದವನ್ನೇ ದುರುಗುಟ್ಟಿ ನೋಡುತ್ತೇವೆ. ಎರಡು ನಿಮಿಷಕ್ಕೆ ಹನಿ ಆರಿಹೋಗುತ್ತದೆ, ಕಾಗದ ಬೆಳ್ಳಗೇ ಇದೆ. ಇನ್ನೆರಡು ಕಾಗದ, ಅವೂ ಬೆಳ್ಳಗೆ. ಹೊರಗೆಳೆದ ಪಂಪಿನ ತಳದ ಫಿಲ್ಟರಿನಲ್ಲಿ ಒಂದು ಕಸವಿಲ್ಲ. ಆದರೆ ಪಂಪಿನ ಮೈ ಕಾವಿಗೆ ಕಂದಿ ಕಾಫಿ ಬಣ್ಣಕ್ಕೆ ತಿರುಗಿದೆ.

"ಎಷ್ಟು ಕೊಟ್ಟ ಇವನು ನಿಂಗೆ?" ಬಾಲಸುಂದರಂ ದನಿ ಏರುತ್ತದೆ. ಛೇ, ಆ ಮಾತು ಕೇಳಿ ನನ್ನ ಕಿವಿಯೇ ಬಿಸಿಯಾಗುತ್ತದೆ. ಮರುದಾಚಲಂ ಮಾತ್ರ ಪಂಪನ್ನೇ ತಿರುಗಿಸಿ ನೋಡುತ್ತಿರುತ್ತಾರೆ.

"ಮೊದಲಾಳಿ," ಎಂದು ಯಜಮಾನರತ್ತ ತಿರುಗುತ್ತಾರೆ, "ಟ್ಯಾಂಕಿಗೆ ಒಂದ್ಸಲಕ್ಕೆ ಎಷ್ಟು ಹಾಕಿಸ್ತೀರಿ?"

"ಅದ್ಯಾಕೆ? ದಿನಾ ಬೆಳಿಗ್ಗೆ ನಾನೇ ನಿಂತು ಮೂರು ಲೀಟರ್ ಹಾಕಿಸ್ತೀನಿ. ಅವತ್ತಿಗೆಷ್ಟು ಬೇಕೋ ಅಷ್ಟೇ. ತುಂಬಿಸಿಟ್ರೆ ಇವನು ಬಿಡ್ತಾನಾ?" ಬಾಲಸುಂದರಂ ವೇಷ್ಟಿ ಸರಿಸಿ ಉಡಿದಾರಕ್ಕೆ ಕಟ್ಟಿದ ಪುಟ್ಟ ಕೀ ತೋರಿಸುತ್ತಾರೆ. "ಮುಚ್ಚಳಕ್ಕೂ ಬೀಗ ಹಾಕಿಸಿದ್ದೀನಿ. ಎರಡು ವರ್ಷ ಆಯ್ತು."

ಬೀಗ ಹಾಕಿದ ಟ್ಯಾಂಕಿಗೆ ಇವನು ಸೀಮೆಎಣ್ಣೆ ಸುರಿದದ್ದಾದರೂ ಹೇಗೆ ಸ್ವಾಮಿ ಎಂದು ಕೇಳಲು ನನ್ನ ನಾಲಿಗೆ ತುರಿಸುತ್ತದೆ. ಅಷ್ಟರಲ್ಲಿ ಮರುದಾಚಲಂ ಕೇಳುತ್ತಾರೆ, "ನಿಮ್ ತೋಟದಲ್ಲಿ ಬೋರ್ ಇದೆಯಲ್ಲ? ನೀರು ತಳ ಕಂಡಾಗ ಮೋಟಾರ್ ಓಡಿಸ್ತೀರಾ?"

"ಹುಚ್ಚಾ? ಸುಟ್ಟುಹೋಗಲ್ವಾ?"

"ಇದೂ ಅದೇ ಮೋಟಾರ್, ಚಿಕ್ಕದು. ಪೆಟ್ರೋಲಲ್ಲಿ ಮುಳುಗಿದ್ರೇನೇ ಇದಕ್ಕೆ ತಂಪು. ಎರಡು ವರ್ಷದಿಂದ ನೀವು ಇದನ್ನ ಒಣ ಬೋರಲ್ಲಿ ಓಡಿಸ್ತಾ ಇದ್ದೀರಿ. ಎರಡು ಪಂಪೂ ಸತ್ತಿದ್ದು ಹಾಗೇ. ಕಳ್ಳ ಯಾರೂ ಇಲ್ಲ ಮೊದಲಾಳಿ."

ಬಾಲಸುಂದರಂ ಕ್ಷಮೆಗಿಮೆ ಏನೂ ಕೇಳುವುದಿಲ್ಲ. ಮಧ್ಯಾಹ್ನ ಹೊಸ ಪಂಪು ಕೂತ ಮೇಲೆ ಉಡಿದಾರದ ಕೀ ಬಿಚ್ಚಿ, ಮುಖ ನೋಡದೆ ಆರುಚ್ಚಾಮಿಯ ಕೈಗೆ ಕೊಡುತ್ತಾರೆ. "ಫುಲ್ ಟ್ಯಾಂಕ್ ಮಾಡಿಸು, ಹೋಗೋಣ." ಆರುಚ್ಚಾಮಿಗೆ ಕಣ್ಣು ತುಂಬಿ ಬರುತ್ತದೆ. ನನಗೆ ನಾಚಿಕೆಯಾಗುತ್ತದೆ.

ಕಾರು ಹೋದ ಮೇಲೆ ಕೇಳುತ್ತೇನೆ: "ಪಂಪು ಬದಲಾಯಿಸಿ ಮೊದಲ ದಿನವೇ ಕಳಿಸಬಹುದಿತ್ತಲ್ಲ. ಯಾರದೋ ಡ್ರೈವರಿಗಾಗಿ ಮೂರು ದಿನ ಯಾಕೆ?"

ಮರುದಾಚಲಂ ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತಾರೆ. "ಹನ್ನೆರಡು ವರ್ಷದ ಹಿಂದೆ ಇಂಥದ್ದೇ ಒಂದು ಕಾರು. ಓನರು 'ಸೀಮೆಎಣ್ಣೆನಾ?' ಅಂದ್ರು. ಕೆಲಸದ ಒತ್ತಡ ಸಾರ್, ಮೂಸಿ ಕೂಡ ನೋಡ್ದೆ 'ಹೌದು' ಅಂದ್ಬಿಟ್ಟೆ. ಡ್ರೈವರನ್ನ ಇಲ್ಲೇ, ಈ ಬಾಗಿಲಲ್ಲೇ ಕಪಾಳಕ್ಕೆ ಹೊಡೆದು ಓಡಿಸಿದ್ರು. ಆಮೇಲೆ ಬಿಚ್ಚಿ ನೋಡಿದ್ರೆ ವೈರು ಸುಟ್ಟಿತ್ತು. ಓನರಿಗೆ ಫೋನ್ ಮಾಡ್ದೆ, 'ಹೋಗ್ಲಿ ಬಿಡಪ್ಪ, ಬೇರೆಯವನು ಬಂದಾಯ್ತು' ಅಂದ್ರು. ಅವನು ತಾಳವಾಡಿ ಕಡೆಯವನು, ನಿಮ್ ಭಾಷೆಯವನೇ. ಎರಡು ಸಲ ಮನೆಗೆ ಹೋದೆ. ಅವನು ಹೊರಗೇ ಬರ್ಲಿಲ್ಲ. 'ಊರೆಲ್ಲ ಕಳ್ಳ ಅಂದಾಯ್ತು, ಈಗ್ಯಾಕೆ ಬಂದ್ರಿ' ಅಂದ್ಲು ಹೆಂಡ್ತಿ."

ಕೈ ಒರೆಸಿದ ಬಟ್ಟೆ ಪಕ್ಕಕ್ಕಿಟ್ಟು ಕೇಳುತ್ತಾರೆ: "ನಿಮ್ ಪೇಪರು ತಾಳವಾಡಿಗೆ ಹೋಗುತ್ತಾ ಸಾರ್?"

"ಹೋಗುತ್ತೆ."

"ಹಂಗಾದ್ರೆ ನನ್ ಫೋಟೊ ಬೇಡ. ಆ ಜಾಗದಲ್ಲಿ ದಪ್ಪಕ್ಷರದಲ್ಲಿ ಹಾಕಿ. ಡ್ರೈವರ್ ಸಿದ್ದಮಾದು ಸೀಮೆಎಣ್ಣೆ ಬೆರೆಸಿರ್ಲಿಲ್ಲ. ನೋಡದೇನೇ ಹೇಳಿದ್ದು ಮೆಕ್ಯಾನಿಕ್ ಮರುದಾಚಲಂ."